ಸುಲ್ತಾನ್ ಬತ್ತೇರಿಯಿಂದ ರೈಲಿಗೆ: ಅಂಗವಿಕಲ ಪ್ರಯಾಣಿಕರ ಪ್ರವೇಶ ಸೌಲಭ್ಯ

ಕೇರಳದ ವಯನಾಡು ಜಿಲ್ಲೆಯ ಪೂರ್ವಭಾಗದಲ್ಲಿ, ಸಮುದ್ರಮಟ್ಟದಿಂದ ಸುಮಾರು 900 ಮೀ. ಎತ್ತರದಲ್ಲಿರುವ ಪಟ್ಟಣ ಸುಲ್ತಾನ್ ಬತ್ತೇರಿ. ಕೋಳಿಕ್ಕೋಡಿನಿಂದ ಗುಂಡ್ಲುಪೇಟೆ, ನಂಜನಗೂಡು ಹಾದು ಮೈಸೂರು ಸೇರುವ ರಾಷ್ಟ್ರೀಯ ಹೆದ್ದಾರಿ 766 ಈ ಊರಿನ ನಡುವೆಯೇ ಹಾಯುತ್ತದೆ. ಒಂದು ಕಡೆ ಕರ್ನಾಟಕದ ಗಡಿ, ಇನ್ನೊಂದು ಕಡೆ ತಮಿಳುನಾಡಿನ ಗೂಡಲೂರು. ಮಲಯಾಳಂ ಜೊತೆಗೆ ಕನ್ನಡ, ತಮಿಳು ಮತ್ತು ಹಲವು ಬುಡಕಟ್ಟುಗಳ ನುಡಿಗಳು ಇಲ್ಲಿಯ ಸಂತೆಯಲ್ಲಿ ಕೇಳುತ್ತವೆ. ರೈಲಿನ ಸದ್ದು ಮಾತ್ರ ಕೇಳುವುದಿಲ್ಲ. 1980ರ ನವೆಂಬರ್ 1ರಂದು ರೂಪುಗೊಂಡ ವಯನಾಡು ಜಿಲ್ಲೆಯಲ್ಲಿ ರೈಲುಮಾರ್ಗವೇ ಇಲ್ಲ; ಕೇರಳದಲ್ಲಿ ಹೀಗಿರುವ ಇನ್ನೊಂದು ಜಿಲ್ಲೆ ಇಡುಕ್ಕಿ.

ರೈಲಿಲ್ಲದ ಊರಿನಲ್ಲಿ ಅಂಗವಿಕಲರ ರೈಲು ಸೌಲಭ್ಯದ ಮಾತು ಅಪ್ರಸ್ತುತವೆಂದು ತೋರಬಹುದು. ವಾಸ್ತವ ಬೇರೆ. ಬತ್ತೇರಿಯವರು ಚಿಕಿತ್ಸೆಗೆ, ಓದಿಗೆ, ಉದ್ಯೋಗದ ಸಂದರ್ಶನಕ್ಕೆ ರೈಲು ಹಿಡಿಯುತ್ತಲೇ ಇದ್ದಾರೆ. ಅವರ ಪ್ರಯಾಣ ಪ್ಲಾಟ್‌ಫಾರ್ಮಿನಲ್ಲಿ ಶುರುವಾಗುವುದಿಲ್ಲ, ಮನೆಯ ಅಂಗಳದಲ್ಲಿ ಶುರುವಾಗುತ್ತದೆ. ನಿಲ್ದಾಣ ಮುಟ್ಟುವ ಮೊದಲೇ ಮೂರು ನಾಲ್ಕು ತಾಸು ಕಳೆದಿರುತ್ತದೆ. ನಿಲ್ದಾಣದಲ್ಲಿ ಲಿಫ್ಟ್ ಇದೆಯೇ, ಗಾಲಿಕುರ್ಚಿ ಇದೆಯೇ ಎಂದಷ್ಟೇ ಎಣಿಸುವ ವರದಿಗಳಲ್ಲಿ ಈ ಮೂರು ನಾಲ್ಕು ತಾಸುಗಳಿಗೆ ಜಾಗವಿಲ್ಲ. ಈ ಲೇಖನ ಅವುಗಳನ್ನೂ ಸೇರಿಸಿಕೊಂಡೇ ವಿಷಯವನ್ನು ನೋಡುತ್ತದೆ.

ಸಮೀಪದ ನಿಲ್ದಾಣಗಳು

ಬತ್ತೇರಿಯವರಿಗೆ ಬಳಕೆಯಲ್ಲಿರುವ ದಿಕ್ಕುಗಳು ಮುಖ್ಯವಾಗಿ ಮೂರು. ನೈಋತ್ಯಕ್ಕೆ ಸುಮಾರು 100 ಕಿ.ಮೀ. ದೂರದಲ್ಲಿ ಕೋಳಿಕ್ಕೋಡ್. ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ ಸೇರಿದ ಈ ನಿಲ್ದಾಣ 1888ರಿಂದ ಇದೆ. ಮಂಗಳೂರು–ಶೊರನೂರು ಮಾರ್ಗದ ಬಹುತೇಕ ಎಲ್ಲ ಪ್ರಮುಖ ರೈಲುಗಳು ಇಲ್ಲಿ ನಿಲ್ಲುತ್ತವೆ. ಲಿಫ್ಟ್ ಮತ್ತು ಎಸ್ಕಲೇಟರ್ ಇವೆ. ಈಶಾನ್ಯಕ್ಕೆ ಸುಮಾರು 115 ಕಿ.ಮೀ. ದೂರದಲ್ಲಿ ನೈಋತ್ಯ ರೈಲ್ವೆಯ ಮೈಸೂರು. ಅದಕ್ಕೂ ಮೊದಲು ಸಿಗುವ ನಂಜನಗೂಡು ಟೌನ್ ಸುಮಾರು 90 ಕಿ.ಮೀ. ದೂರದಲ್ಲಿದ್ದು, 1891ರಲ್ಲೇ ಮೈಸೂರಿನಿಂದ ಮೀಟರ್‌ಗೇಜ್ ರೈಲು ಕಂಡ ಊರು. ಈಗ ಬ್ರಾಡ್‌ಗೇಜ್ ಆಗಿರುವ ಮೈಸೂರು–ಚಾಮರಾಜನಗರ ಮಾರ್ಗದಲ್ಲಿ ಓಡುವುದು ಹೆಚ್ಚಾಗಿ ಪ್ಯಾಸೆಂಜರ್ ರೈಲುಗಳು. ದಕ್ಷಿಣಕ್ಕೆ, ಗೂಡಲೂರು ಮತ್ತು ನಾಡುಕಾಣಿ ಘಾಟಿ ಇಳಿದರೆ ನಿಲಂಬೂರು ರೋಡ್. ತೇಗದ ದಿಮ್ಮಿ ಸಾಗಿಸಲೆಂದು 1927ರಲ್ಲಿ ದಕ್ಷಿಣ ಭಾರತ ರೈಲ್ವೆ ತೆರೆದ, ಎರಡನೇ ಮಹಾಯುದ್ಧದ ಕಾಲದಲ್ಲಿ ಹಳಿ ಕಿತ್ತು ಆಮೇಲೆ ಮತ್ತೆ ಹಾಕಿದ 66 ಕಿ.ಮೀ. ಉದ್ದದ ಶೊರನೂರು–ನಿಲಂಬೂರು ಒಂಟಿ ಹಳಿಯ ಕೊನೆಯ ನಿಲ್ದಾಣ ಅದು.

ದೂರವನ್ನಷ್ಟೇ ನೋಡಿ ನಿಲ್ದಾಣ ಆರಿಸುವ ಸ್ವಾತಂತ್ರ್ಯ ಅಂಗವಿಕಲರಿಗಿಲ್ಲ. ನಂಜನಗೂಡು ಹತ್ತಿರವಾದರೂ ಗಾಲಿಕುರ್ಚಿ ಬಳಸುವವರು ಇನ್ನಷ್ಟು ದೂರ ಹೋಗಿ ಮೈಸೂರಿನಲ್ಲೇ ರೈಲು ಹತ್ತುವುದು ಜಾಣತನ. ಅಲ್ಲಿ ರೈಲು ಹೊರಡುವ ಮುಂಚೆ ಹೊತ್ತು ನಿಂತಿರುತ್ತದೆ, ಸಹಾಯಕ್ಕೆ ಜನ ಸಿಗುತ್ತಾರೆ. ಸಣ್ಣ ನಿಲ್ದಾಣದಲ್ಲಿ ರೈಲು ನಿಲ್ಲುವುದು ಒಂದೆರಡು ನಿಮಿಷ. ಆ ಒಂದೆರಡು ನಿಮಿಷದಲ್ಲಿ ಡಬ್ಬಿ ಹುಡುಕಿ, ಕುರ್ಚಿ ಮಡಚಿ, ಮನುಷ್ಯನನ್ನು ಎತ್ತಿ ಒಳಗೆ ಸೇರಿಸಬೇಕು.

ನಿಲ್ದಾಣಕ್ಕೆ ಮೊದಲಿನ ರಸ್ತೆ

ಕೋಳಿಕ್ಕೋಡಿನ ಹಾದಿಯಲ್ಲಿ ತಾಮರಶ್ಶೇರಿ ಘಾಟಿಯ ಒಂಬತ್ತು ಹೇರ್‌ಪಿನ್ ತಿರುವುಗಳಿವೆ. ಒಂದು ಲಾರಿ ಕೆಟ್ಟು ನಿಂತರೆ, ಮಳೆಗಾಲದಲ್ಲಿ ಗುಡ್ಡ ಜರಿದರೆ, ರಜಾದಿನಗಳಲ್ಲಿ ಪ್ರವಾಸಿಗರ ಕಾರುಗಳು ಸಾಲುಗಟ್ಟಿದರೆ ಇಡೀ ಘಾಟಿ ತಾಸುಗಟ್ಟಲೆ ಕಟ್ಟಿಕೊಳ್ಳುತ್ತದೆ. ಬೆನ್ನುಹುರಿಯ ಪೆಟ್ಟಿನಿಂದ ಕಾಲುಗಳ ಸ್ಪರ್ಶಜ್ಞಾನ ಕಳೆದುಕೊಂಡವರಿಗೆ ಒಂದೇ ಭಂಗಿಯಲ್ಲಿ ಹೆಚ್ಚು ಹೊತ್ತು ಕೂತರೆ ಒತ್ತಡದ ಹುಣ್ಣಾಗುತ್ತದೆ. ತಿರುವಿನಲ್ಲಿ ಸೊಂಟದ ಹಿಡಿತವಿಲ್ಲದ ದೇಹ ಪಕ್ಕಕ್ಕೆ ವಾಲುತ್ತದೆ. ಶೌಚಕ್ಕೆ ಇಳಿಯಲು ಅನುಕೂಲವಾದ ಜಾಗ ಎಲ್ಲಿದೆ ಎಂದು ಹೊರಡುವ ಮೊದಲೇ ಗೊತ್ತಿರಬೇಕು. ಪ್ರಯಾಣದ ದಿನ ಬೆಳಗಿನಿಂದ ನೀರು ಕುಡಿಯದೆ ಇರುವುದು ಅಂಗವಿಕಲ ಮಹಿಳೆಯರಲ್ಲಿ ಎಷ್ಟು ರೂಢಿಯಾಗಿದೆ ಎಂಬುದನ್ನು ಅವರ ಜೊತೆ ಒಮ್ಮೆ ಪ್ರಯಾಣ ಮಾಡಿದವರೆಲ್ಲ ಬಲ್ಲರು. ಇದನ್ನು ಸಹಜವೆಂದು ಒಪ್ಪಿಕೊಂಡಿರುವುದೇ ನಮ್ಮ ಸಾರಿಗೆ ವ್ಯವಸ್ಥೆಯ ದೊಡ್ಡ ಲೋಪ.

ಬಸ್ಸಿನ ಸಂಗತಿ ಇನ್ನೂ ಕಷ್ಟದ್ದು. ಎರಡೂ ರಾಜ್ಯಗಳ ಕೆಎಸ್ಆರ್‌ಟಿಸಿಗಳು ಈ ಹೆದ್ದಾರಿಯಲ್ಲಿ ಬಸ್ಸು ಓಡಿಸುತ್ತವೆ. ಘಾಟಿಯಲ್ಲಿ ಓಡುವ ಬಸ್ಸುಗಳ ನೆಲ ಎತ್ತರದ್ದು, ಬಾಗಿಲು ಕಿರಿದು, ಮೆಟ್ಟಿಲು ಕಡಿದು. ಸೀಟಿನ ಮೇಲೆ ‘ಅಂಗವಿಕಲರಿಗೆ’ ಎಂಬ ಬರಹ ಇದ್ದರೂ ಗಾಲಿಕುರ್ಚಿಯಲ್ಲಿರುವವರು ಆ ಸೀಟಿನ ತನಕ ಹೋಗಬೇಕಾದರೆ ಯಾರಾದರೂ ಎತ್ತಿಕೊಂಡೇ ಹೋಗಬೇಕು. ಹಾಗಾಗಿ ಅನುಕೂಲವಿದ್ದವರು ಟ್ಯಾಕ್ಸಿ ಮಾಡುತ್ತಾರೆ. ಆಗ ಘಾಟಿಯ ಟ್ಯಾಕ್ಸಿ ಬಾಡಿಗೆ ರೈಲು ಟಿಕೆಟ್ಟಿನ ದರವನ್ನು ಮೀರಿಬಿಡುತ್ತದೆ. ರೈಲ್ವೆ ಕೊಡುವ ಮುಕ್ಕಾಲುಪಾಲು ರಿಯಾಯಿತಿ ಈ ಖರ್ಚಿನ ಮುಂದೆ ಏನೇನೂ ಅಲ್ಲ.

ಮೈಸೂರಿನ ದಿಕ್ಕಿನಲ್ಲಿ ಅಡ್ಡಿ ಬೇರೆ ಬಗೆಯದು. ಮುತ್ತಂಗ ದಾಟಿದ ಮೇಲೆ ರಸ್ತೆ ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದೊಳಗೆ ಸಾಗುತ್ತದೆ. ರಾತ್ರಿ ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದರಿಂದ 2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧಿಸಿತು. 2010ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆಂಬುಲೆನ್ಸಿನಂಥ ತುರ್ತು ವಾಹನಗಳಿಗೂ ಕೆಲವೇ ಸರ್ಕಾರಿ ಬಸ್ಸುಗಳಿಗೂ ವಿನಾಯಿತಿ ಇದೆ. ಕಾಡಿನ ದೃಷ್ಟಿಯಿಂದ ಈ ನಿಷೇಧ ಸರಿಯಾದದ್ದು. ಅದನ್ನು ತೆಗೆಯಬೇಕೆಂದು ಇಲ್ಲಿ ವಾದಿಸುತ್ತಿಲ್ಲ. ಆದರೆ ಅದರ ಭಾರ ಎಲ್ಲರ ಮೇಲೂ ಒಂದೇ ಸಮ ಬೀಳುವುದಿಲ್ಲ. ಸಂಜೆ ಏಳೂವರೆಗೆ ಮೈಸೂರಿನಲ್ಲಿ ರೈಲಿಳಿದ ಆರೋಗ್ಯವಂತ ಯುವಕ ಬಸ್‌ಸ್ಟ್ಯಾಂಡಿಗೆ ಓಡಿ ರಾತ್ರಿ ಬಸ್ಸಿನ ಒಂದು ಸೀಟು ಹಿಡಿದಾನು, ಇಲ್ಲವೇ ಬೆಂಚಿನ ಮೇಲೆ ರಾತ್ರಿ ಕಳೆದಾನು. ಟ್ಯಾಕ್ಸಿಯನ್ನೇ ನಂಬಿದ ಗಾಲಿಕುರ್ಚಿಯವರಿಗೆ ಕಾಡಿನ ಗೇಟು ಮುಚ್ಚಿರುತ್ತದೆ. ಕೊಡಗಿನ ಕುಟ್ಟದ ಕಡೆಯಿಂದ ಸುತ್ತಿ ಬರಬೇಕು ಅಥವಾ ಬೆಳಗಿನವರೆಗೆ ಮೈಸೂರಿನಲ್ಲೇ ಉಳಿಯಬೇಕು. ಆದ್ದರಿಂದ ಬತ್ತೇರಿಯ ಪ್ರಯಾಣಿಕರ ಮಟ್ಟಿಗೆ ಮೈಸೂರು ನಿಲ್ದಾಣದ ನಿರೀಕ್ಷಣಾ ಕೊಠಡಿ, ಅದರ ಶೌಚಾಲಯ, ನೆಲ ಅಂತಸ್ತಿನಲ್ಲಿ ತಂಗುವ ಕೋಣೆ ಇವೆಲ್ಲ ಪ್ರಯಾಣಕ್ಕೆ ಅತ್ಯವಶ್ಯ.

ಕಾನೂನು

ಭಾರತದಲ್ಲಿ ಈ ವಿಷಯದ ಮೊದಲ ಸಮಗ್ರ ಶಾಸನ 1995ರ ಅಂಗವಿಕಲ ವ್ಯಕ್ತಿಗಳ ಕಾಯಿದೆ. ರೈಲು ಡಬ್ಬಿ, ಬಸ್ಸು, ಹಡಗು, ವಿಮಾನಗಳನ್ನು ಸುಲಭವಾಗಿ ಹತ್ತುವಂತೆ ಮಾರ್ಪಡಿಸಬೇಕು, ಡಬ್ಬಿಯ ಮತ್ತು ನಿರೀಕ್ಷಣಾ ಕೊಠಡಿಯ ಶೌಚಾಲಯಗಳು ಗಾಲಿಕುರ್ಚಿಯವರಿಗೆ ಒದಗುವಂತಿರಬೇಕು ಎಂದು ಅದರ 44ನೇ ಸೆಕ್ಷನ್ ಹೇಳಿತು. ಜೊತೆಗೆ ‘ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ’ ಎಂಬ ಷರತ್ತನ್ನೂ ಇಟ್ಟಿತು. ಆ ಷರತ್ತು ಎರಡು ದಶಕಗಳ ಕಾಲ ತಡಮಾಡಲು ನೆಪವಾಯಿತು.

ಭಾರತ 2007ರ ಅಕ್ಟೋಬರ್ 1ರಂದು ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಅನುಮೋದಿಸಿತು. ಅದಕ್ಕೆ ಹೊಂದುವಂತೆ ರೂಪಿಸಿದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಹಳೆಯ ಕಾಯಿದೆಯಲ್ಲಿ ಏಳು ಬಗೆಯ ಅಂಗವೈಕಲ್ಯಗಳಿದ್ದರೆ ಇದರಲ್ಲಿ 21 ಇವೆ. ಇದರ 41ನೇ ಸೆಕ್ಷನ್ ಬತ್ತೇರಿಯಂಥ ಊರಿಗೆ ವಿಶೇಷವಾಗಿ ಅನ್ವಯಿಸುವಂಥದ್ದು. ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಪಾರ್ಕಿಂಗು, ಶೌಚಾಲಯ, ಟಿಕೆಟ್ ಕೌಂಟರು, ಸಂಚರಿಸುವ ವಾಹನಗಳು, ಅಂಗವಿಕಲರು ಬಳಸಬಲ್ಲ ರಸ್ತೆಗಳು. ನಿಲ್ದಾಣ, ವಾಹನ, ರಸ್ತೆ ಈ ಮೂರನ್ನೂ ಅದು ಒಂದೇ ಸೆಕ್ಷನ್ನಿನಲ್ಲಿ, ಸರ್ಕಾರದ ಒಂದೇ ಹೊಣೆಯಾಗಿ ಸೇರಿಸಿದೆ. ಆಡಳಿತದಲ್ಲಿ ಮಾತ್ರ ರಸ್ತೆ ಒಂದು ಇಲಾಖೆಯದು, ಬಸ್ಸು ಇನ್ನೊಂದರದು, ನಿಲ್ದಾಣ ಮತ್ತೊಂದರದು. ಘಾಟಿಯ ಮೇಲಿನ ರಾಜ್ಯ ಒಂದು, ಕಾಡಿನ ಆಚೆಯದು ಇನ್ನೊಂದು. ಇಡೀ ಹಾದಿಗೆ ಉತ್ತರ ಕೊಡುವವರು ಯಾರೂ ಇಲ್ಲ.

2015ರ ಡಿಸೆಂಬರ್ 3ರಂದು ಆರಂಭವಾದ ಸುಗಮ್ಯ ಭಾರತ ಅಭಿಯಾನ ದೊಡ್ಡ ನಿಲ್ದಾಣಗಳಿಗೆ (ಆಗಿನ ಎ1, ಎ, ಬಿ ವರ್ಗ) 2016ರ ಜುಲೈ ಗಡುವನ್ನೂ, ದೇಶದ ಒಟ್ಟು ನಿಲ್ದಾಣಗಳ ಅರ್ಧದಷ್ಟಕ್ಕೆ 2018ರ ಮಾರ್ಚ್ ಗಡುವನ್ನೂ ಇಟ್ಟಿತು. ನಿಲ್ದಾಣಗಳಿಗೆ ರೈಲ್ವೆ ಎರಡು ಹಂತದ ಪಟ್ಟಿ ಮಾಡಿಕೊಂಡಿದೆ. ಅಲ್ಪಾವಧಿಯ ಪಟ್ಟಿಯಲ್ಲಿ ಹಿಡಿಕಂಬಿಯಿರುವ ಪ್ರವೇಶ ರ‍್ಯಾಂಪು, ಕನಿಷ್ಠ ಎರಡು ಮೀಸಲು ಪಾರ್ಕಿಂಗ್ ಜಾಗ, ಅಲ್ಲಿಂದ ಕಟ್ಟಡದವರೆಗೆ ಜಾರದ ನಡೆದಾರಿ, ಸೂಚನಾ ಫಲಕಗಳು, ಕೈಗೆಟುಕುವ ಒಂದು ಕುಡಿಯುವ ನೀರಿನ ನಲ್ಲಿ, ನೆಲ ಅಂತಸ್ತಿನಲ್ಲಿ ಒಂದು ಶೌಚಾಲಯ, ಸಹಾಯ ಕೌಂಟರು ಬರುತ್ತವೆ. ಒಂದು ಪ್ಲಾಟ್‌ಫಾರ್ಮಿನಿಂದ ಇನ್ನೊಂದಕ್ಕೆ ದಾಟುವ ವ್ಯವಸ್ಥೆ, ಪ್ಲಾಟ್‌ಫಾರ್ಮಿನ ಅಂಚಿನ ಉಬ್ಬುಗುರುತು ದೀರ್ಘಾವಧಿಯ ಪಟ್ಟಿಗೆ ಹೋದವು. ಈ ವಿಂಗಡಣೆ ಖರ್ಚಿನ ಲೆಕ್ಕಕ್ಕೆ ಸರಿ ಇರಬಹುದು, ಜೀವದ ಲೆಕ್ಕಕ್ಕೆ ತಪ್ಪು. ಅಂಚಿನ ಗುರುತಿಲ್ಲದೆ ಹಳಿಗೆ ಬೀಳುವ ಅಪಾಯ ನಲ್ಲಿಯ ಎತ್ತರಕ್ಕಿಂತ ಮೊದಲು ನಿವಾರಣೆಯಾಗಬೇಕಿತ್ತು.

2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮಹತ್ವದ ತೀರ್ಪು ಕೊಟ್ಟಿತು. ಕಾಯಿದೆ ಕಡ್ಡಾಯ ಮಾನದಂಡಗಳನ್ನು ಕೇಳುತ್ತಿದ್ದರೆ, 2017ರ ನಿಯಮಾವಳಿಯ 15(1)ನೇ ನಿಯಮ ಬರಿಯ ಮಾರ್ಗಸೂಚಿಗಳತ್ತ ಕೈ ತೋರುತ್ತದೆ. ಆದ್ದರಿಂದ ಆ ನಿಯಮ ಕಾಯಿದೆಗೆ ವಿರುದ್ಧವೆಂದು ನ್ಯಾಯಾಲಯ ಹೇಳಿ, ಮೂರು ತಿಂಗಳೊಳಗೆ ಕಡ್ಡಾಯ ನಿಯಮಗಳನ್ನು ರೂಪಿಸುವಂತೆ ಕೇಂದ್ರಕ್ಕೆ ಸೂಚಿಸಿತು. ರ‍್ಯಾಂಪು ಕಟ್ಟುವುದು ಅಧಿಕಾರಿಯ ಔದಾರ್ಯವಲ್ಲ, ಕರ್ತವ್ಯ ಎಂಬುದು ಇದರಿಂದ ಖಚಿತವಾಯಿತು.

ಪ್ಲಾಟ್‌ಫಾರ್ಮು ಮತ್ತು ಡಬ್ಬಿ

ಭಾರತದ ರೈಲಿನಲ್ಲಿ ಅಂಗವಿಕಲರ ಮುಖ್ಯ ಕಷ್ಟ ಎತ್ತರದ ಅಂತರ. ನಮ್ಮ ಪ್ಲಾಟ್‌ಫಾರ್ಮುಗಳಲ್ಲಿ ಮೂರು ಬಗೆ: ಹಳಿಯ ಮಟ್ಟದ್ದು, ಹಳಿಯಿಂದ 455 ಮಿ.ಮೀ. ಎತ್ತರದ ಮಧ್ಯಮ ಮಟ್ಟದ್ದು, 760ರಿಂದ 840 ಮಿ.ಮೀ. ಎತ್ತರದ ಮೇಲ್ಮಟ್ಟದ್ದು. ಈಗ ಹೆಚ್ಚಾಗಿ ಓಡುವ ಎಲ್‌ಎಚ್‌ಬಿ ಮಾದರಿಯ ಡಬ್ಬಿಯ ನೆಲ ಹಳಿಯಿಂದ ಸುಮಾರು 1,300 ಮಿ.ಮೀ. ಎತ್ತರದಲ್ಲಿದೆ. ಎಂದರೆ ಅತಿ ಎತ್ತರದ ಪ್ಲಾಟ್‌ಫಾರ್ಮಿನಲ್ಲೂ ಡಬ್ಬಿಯೊಳಗೆ ಹೋಗಲು ಸುಮಾರು ಒಂದೂವರೆ ಅಡಿ ಏರಬೇಕು, ಅದೂ ನಡುವಿನ ಸಂದನ್ನು ದಾಟಿ. ಮಧ್ಯಮ ಮಟ್ಟದ ಪ್ಲಾಟ್‌ಫಾರ್ಮಿನಲ್ಲಿ ಈ ಏರು ಎರಡೂಮುಕ್ಕಾಲು ಅಡಿ. ಹಳಿಯ ಮಟ್ಟದ್ದಾದರೆ ಏಣಿ ಹತ್ತಿದ ಹಾಗೆಯೇ.

ಮೆಟ್ರೋಗಳಲ್ಲಿ ಈ ಸಮಸ್ಯೆ ಇಲ್ಲ. 2011ರಲ್ಲಿ ಆರಂಭವಾದ ಬೆಂಗಳೂರಿನ ನಮ್ಮ ಮೆಟ್ರೋದಲ್ಲಿ, 2017ರಲ್ಲಿ ಆರಂಭವಾದ ಕೊಚ್ಚಿ ಮೆಟ್ರೋದಲ್ಲಿ ಪ್ಲಾಟ್‌ಫಾರ್ಮು ಮತ್ತು ಡಬ್ಬಿಯ ನೆಲ ಒಂದೇ ಮಟ್ಟದಲ್ಲಿವೆ. ಗಾಲಿಕುರ್ಚಿ ಯಾರ ಕೈಯೂ ಇಲ್ಲದೆ ಉರುಳಿಕೊಂಡು ಒಳಹೋಗುತ್ತದೆ. ರೈಲ್ವೆಯ ಹಳಿಗಳಲ್ಲಿ ಸರಕುಗಾಡಿಗಳೂ ನಾನಾ ಅಳತೆಯ ಡಬ್ಬಿಗಳೂ ಓಡುವುದರಿಂದ ಪ್ಲಾಟ್‌ಫಾರ್ಮನ್ನು ಏಕಾಏಕಿ ಏರಿಸಲಾಗದು. ಅಲ್ಲಿಯವರೆಗೆ ಉಳಿಯುವ ದಾರಿ ಎತ್ತಿ ಒಯ್ಯಬಹುದಾದ ರ‍್ಯಾಂಪು. ಜಪಾನಿನ ನಿಲ್ದಾಣಗಳಲ್ಲಿ ಸಿಬ್ಬಂದಿ ಹಲಗೆ ಹಿಡಿದು ಬಾಗಿಲ ಬಳಿ ಕಾದಿರುವುದು, ಇಳಿಯುವ ನಿಲ್ದಾಣಕ್ಕೆ ಮುಂಚೆಯೇ ಸುದ್ದಿ ಕಳಿಸುವುದು ದಿನನಿತ್ಯದ ಕೆಲಸ. ನಮ್ಮಲ್ಲಿ ವಿರಾಲಿ ಮೋದಿ 2017ರಲ್ಲಿ ಆರಂಭಿಸಿದ ಸಹಿ ಅಭಿಯಾನ ಈ ಬೇಡಿಕೆಗೆ ದೇಶದ ಗಮನ ಸೆಳೆಯಿತು. ಗಾಲಿಕುರ್ಚಿ ಬಳಸುವ ಅವರು, ಡಬ್ಬಿಗೆ ಎತ್ತಿ ಹಾಕುವಾಗ ಕೂಲಿಗಳಿಂದ ತಮಗಾದ ಅವಮಾನವನ್ನು ಮುಚ್ಚಿಡದೆ ಹೇಳಿದರು. ಅದರ ಬಳಿಕ ಕೇರಳದ ಎರ್ನಾಕುಲಂ, ತಿರುವನಂತಪುರ ನಿಲ್ದಾಣಗಳಲ್ಲಿ ಒಯ್ಯಬಹುದಾದ ರ‍್ಯಾಂಪು ಮತ್ತು ಡಬ್ಬಿಯ ಓಣಿಯಲ್ಲಿ ಹಿಡಿಸುವ ಕಿರಿದಾದ ಗಾಲಿಕುರ್ಚಿ ಬಂದವು. ರ‍್ಯಾಂಪು ತರಲು ಕೋಟಿಗಟ್ಟಲೆ ಹಣವಾಗಲಿ ವರ್ಷಗಟ್ಟಲೆ ಕಾಮಗಾರಿಯಾಗಲಿ ಬೇಕಿಲ್ಲ. ಎತ್ತಿಸಿಕೊಳ್ಳುವ ವ್ಯಕ್ತಿಯ ಮಾನ ಮುಖ್ಯ ಎಂಬ ತಿಳಿವಳಿಕೆ, ತರಬೇತಿ ಪಡೆದ ಇಬ್ಬರು ಸಿಬ್ಬಂದಿ ಸಾಕು. ಬತ್ತೇರಿಯವರು ಹತ್ತುವ ಪ್ರತಿಯೊಂದು ನಿಲ್ದಾಣದಲ್ಲೂ ಮೊದಲು ಆಗಬೇಕಾದ ಕೆಲಸ ಇದೇ.

ಎಕ್ಸ್‌ಪ್ರೆಸ್ ರೈಲುಗಳಲ್ಲಿ ಅಂಗವಿಕಲರಿಗೆಂದು ಇರುವುದು ಎಸ್‌ಎಲ್‌ಆರ್‌ಡಿ ಎಂಬ ಡಬ್ಬಿಯ ಒಂದು ಭಾಗ. ಉಳಿದ ಭಾಗದಲ್ಲಿ ಸರಕಿನ ಕೋಣೆ, ಹಿಂದೆ ಗಾರ್ಡ್ ಎಂದು ಕರೆಯುತ್ತಿದ್ದ, 2022ರಿಂದ ಟ್ರೈನ್ ಮ್ಯಾನೇಜರ್ ಆಗಿರುವ ಸಿಬ್ಬಂದಿಯ ಕೋಣೆ ಇರುತ್ತವೆ. ಅಂಗವಿಕಲರ ಕಂಪಾರ್ಟ್‌ಮೆಂಟಿನ ಬಾಗಿಲು ಅಗಲ, ಬರ್ತುಗಳು ಅಗಲ, ಶೌಚಾಲಯ ದೊಡ್ಡದು, ಗೋಡೆಗೆ ಹಿಡಿಕಂಬಿ, ಬ್ರೈಲ್ ಫಲಕ. ವಿನ್ಯಾಸವಾಗಿ ಇದು ಒಳ್ಳೆಯದೇ. ತೊಂದರೆ ಇರುವುದು ಅದರ ಜಾಗದಲ್ಲಿ. ಅದು ರೈಲಿನ ತೀರ ಮುಂದೆ ಅಥವಾ ತೀರ ಹಿಂದೆ ಇರುತ್ತದೆ. ಒಂದು ಡಬ್ಬಿ ಸುಮಾರು 24 ಮೀ. ಉದ್ದ, 22 ಡಬ್ಬಿಗಳ ರೈಲು ಅರ್ಧ ಕಿಲೋಮೀಟರಿಗೂ ಹೆಚ್ಚು. ನಿಲ್ದಾಣದ ಬಾಗಿಲು, ಲಿಫ್ಟು, ಮೇಲ್ಛಾವಣಿ, ಶೌಚಾಲಯ ಎಲ್ಲ ನಡುವಿನಲ್ಲಿ. ಅಂಗವಿಕಲರ ಡಬ್ಬಿ ಮಾತ್ರ ಅಲ್ಲಿಂದ ಕಾಲು ಕಿಲೋಮೀಟರ್ ಆಚೆ, ಹಲವು ನಿಲ್ದಾಣಗಳಲ್ಲಿ ಚಾವಣಿಯೂ ಮುಗಿದ ತೆರೆದ ಜಾಗದಲ್ಲಿ. ಮಲಬಾರಿನ ಜೂನ್ ತಿಂಗಳ ಮಳೆಯಲ್ಲಿ ಊರುಗೋಲು ಹಿಡಿದವರು ಆ ಒದ್ದೆ ನೆಲದ ಮೇಲೆ ನಡೆದು ಹೋಗಬೇಕು. ನಡೆಯಲು ಅತ್ಯಂತ ಕಷ್ಟವಿರುವವರನ್ನೇ ಅತ್ಯಂತ ದೂರ ನಡೆಸುವ ಈ ಜೋಡಣೆಯನ್ನು ಬದಲಿಸಲು ತಾಂತ್ರಿಕ ಕಾರಣಗಳು ಅಡ್ಡವಿದ್ದರೆ, ಪ್ಲಾಟ್‌ಫಾರ್ಮಿನ ಚಾವಣಿಯನ್ನಾದರೂ ಅಲ್ಲಿಯವರೆಗೆ ಚಾಚಬಹುದು.

ಇದು ಕಾಯ್ದಿರಿಸದ ಡಬ್ಬಿಯಾಗಿರುವಾಗ ಇನ್ನೊಂದು ಕಷ್ಟ ಸೇರುತ್ತದೆ. ಜನರಲ್ ಡಬ್ಬಿ ತುಂಬಿದಾಗ ಉಳಿದವರು ಇಲ್ಲಿಗೇ ನುಗ್ಗುತ್ತಾರೆ. ಮೀಸಲು ಡಬ್ಬಿಗೆ ಹಕ್ಕಿಲ್ಲದೆ ಹತ್ತುವುದು 1989ರ ರೈಲ್ವೆ ಕಾಯಿದೆಯ 155ನೇ ಸೆಕ್ಷನ್ ಪ್ರಕಾರ ದಂಡನೀಯ. ರೈಲ್ವೆ ರಕ್ಷಣಾ ದಳ ಆಗಾಗ ಇಳಿಸುತ್ತದೆ. ಆದರೆ ಒಳಗಿನವರು ಚಿಲಕ ಹಾಕಿಕೊಂಡರೆ ಹೊರಗೆ ನಿಂತ ಅಂಗವಿಕಲ ಪ್ರಯಾಣಿಕ ಬಾಗಿಲು ತಟ್ಟುತ್ತಿರುವಾಗಲೇ ರೈಲು ಹೊರಟುಬಿಡುತ್ತದೆ. ಸ್ಲೀಪರ್ ದರ್ಜೆಯಲ್ಲಿ ಕಾಯ್ದಿರಿಸುವವರಿಗೆ ನಾಲ್ಕು ಬರ್ತುಗಳ ಕೋಟಾ (ಎರಡು ಕೆಳಗಿನವು, ಎರಡು ನಡುವಿನವು) ಇದೆ, ನಡುವಿನವು ಸಹಾಯಕರಿಗೆಂದು. ಬರ್ತು ಸಿಕ್ಕರೂ ಆ ಡಬ್ಬಿಯ ಬಾಗಿಲು ಮತ್ತು ಶೌಚಾಲಯ ಸಾಮಾನ್ಯ ಅಳತೆಯವೇ. ಮಲಗುವ ಜಾಗ ಒಂದು ಡಬ್ಬಿಯಲ್ಲಿ, ಬಳಸಬಲ್ಲ ಶೌಚಾಲಯ ಇನ್ನೊಂದರಲ್ಲಿ!

ವಂದೇ ಭಾರತ್ ರೈಲುಗಳಲ್ಲಿ ಸುಧಾರಣೆ ಕಾಣುತ್ತದೆ. 2022ರ ನವೆಂಬರಿನಲ್ಲಿ ಮೈಸೂರು–ಚೆನ್ನೈ ನಡುವೆ, 2023ರ ಏಪ್ರಿಲ್ 25ರಂದು ತಿರುವನಂತಪುರ–ಕಾಸರಗೋಡು ನಡುವೆ ಇವು ಆರಂಭವಾದವು. ಎರಡನೆಯದು ಕೋಳಿಕ್ಕೋಡಿನಲ್ಲಿ ನಿಲ್ಲುತ್ತದೆ. ತಾನೇ ತೆರೆಯುವ ಬಾಗಿಲು, ಹೊರಚಾಚುವ ಮೆಟ್ಟಿಲು, ಗಾಲಿಕುರ್ಚಿಗೆ ಜಾಗ, ದೊಡ್ಡ ಶೌಚಾಲಯ, ಸೀಟಿನ ಸಂಖ್ಯೆಗೆ ಬ್ರೈಲ್ ಇವೆ. ಆದರೆ ಹಗಲು ಕೂತು ಹೋಗುವ ದುಬಾರಿ ರೈಲು ಅದು. ಕೂಲಿಯ ಮನೆಯವರಿಗೆ, ರಾತ್ರಿಯಿಡೀ ಮಲಗಿಯೇ ಹೋಗಬೇಕಾದ ರೋಗಿಗೆ ಅದರಿಂದ ಪ್ರಯೋಜನ ಕಡಿಮೆ. ನಂಜನಗೂಡಿನ ಪ್ಯಾಸೆಂಜರಿನಂಥ ಪ್ರಾದೇಶಿಕ ರೈಲುಗಳಿಗೆ ಈ ಸುಧಾರಣೆ ಇಳಿದು ಬಂದಾಗಲೇ ಅದಕ್ಕೆ ಬೆಲೆ.

ಪ್ಲಾಟ್‌ಫಾರ್ಮಿನಿಂದ ಪ್ಲಾಟ್‌ಫಾರ್ಮಿಗೆ ದಾಟುವುದರ ಬಗ್ಗೆಯೂ ಒಂದು ಮಾತು. ರ‍್ಯಾಂಪಿನ ಏರು 1:12ಕ್ಕಿಂತ ಕಡಿದಾಗಿರಬಾರದು ಎಂಬುದು ಭಾರತದ ಮಾನದಂಡ. ಮೇಲ್ಸೇತುವೆಗಾಗಿ ಆರು ಮೀಟರ್ ಏರಬೇಕಾದರೆ 72 ಮೀ. ಉದ್ದದ ರ‍್ಯಾಂಪು ಬೇಕು, ನಡುವೆ ತಂಗುಗಟ್ಟೆಗಳು ಬೇರೆ. ಇಳಿಯುವಾಗ ಅಷ್ಟೇ ಮತ್ತೆ. ಕೈಯಿಂದ ಚಕ್ರ ತಳ್ಳುವವರಿಗೆ ಇದು ದೊಡ್ಡ ದಂಡನೆ, ಹಾಗಾಗಿ ಲಿಫ್ಟೇ ಸರಿ. ಲಿಫ್ಟಿಲ್ಲದ ಕಡೆ ಪ್ಲಾಟ್‌ಫಾರ್ಮಿನ ತುದಿಯ ಸಾಮಾನು ಗಾಡಿಯ ದಾರಿಯಲ್ಲಿ ಹಳಿ ದಾಟಿಸುತ್ತಾರೆ. ಹಳಿಯ ಸಂದಿನಲ್ಲಿ ಗಾಲಿಕುರ್ಚಿಯ ಮುಂದಿನ ಸಣ್ಣ ಚಕ್ರ ಸಿಕ್ಕಿಕೊಳ್ಳುವುದು ಸುಲಭ. ಈ ಪದ್ಧತಿ ನಿಲ್ಲಬೇಕು. ಕೋಳಿಕ್ಕೋಡ್ ನಿಲ್ದಾಣದ ಪುನರ್ನಿರ್ಮಾಣ ಹಾಗೂ ನಿಲಂಬೂರು ರೋಡ್ ಸೇರಿರುವ 2023ರ ಅಮೃತ್ ಭಾರತ್ ನಿಲ್ದಾಣ ಯೋಜನೆ ಇದಕ್ಕೆ ಅವಕಾಶ ಕೊಟ್ಟಿವೆ.

ಕಾಣದವರಿಗೆ, ಕೇಳದವರಿಗೆ

ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ಕಾಣುವ ಹಳದಿ ಉಬ್ಬುಟೈಲ್ಸಿನ ಮೂಲ ಜಪಾನ್. ಸೇಯ್ಚಿ ಮಿಯಾಕೆ ರೂಪಿಸಿದ ಇವನ್ನು ಮೊದಲು 1967ರಲ್ಲಿ ಒಕಾಯಾಮಾ ನಗರದಲ್ಲಿ, ಅಂಧರ ಶಾಲೆಯ ಸಮೀಪದ ರಸ್ತೆಯಲ್ಲಿ ಹಾಕಲಾಯಿತು. ಉದ್ದಗೆರೆಗಳಿದ್ದರೆ ಮುಂದೆ ಸಾಗು, ಚುಕ್ಕೆಗಳಿದ್ದರೆ ನಿಲ್ಲು. ನಮ್ಮ ನಿಲ್ದಾಣಗಳಲ್ಲಿ ಈ ಟೈಲ್ಸು ಹಾಕಿದ ಮೇಲೂ ಅದರ ಮೇಲೆ ಪಾರ್ಸೆಲ್ ಮೂಟೆ, ತಿಂಡಿ ಗಾಡಿ, ಮಲಗಿದ ಜನ ಇರುತ್ತಾರೆ. ಕಾಲಿನಿಂದಲೋ ಬಿಳಿಕೋಲಿನಿಂದಲೋ ಓದುವವರಿಗೆ ಆ ಸಾಲು ಅಲ್ಲಿಗೇ ಕಡಿದುಹೋಗುತ್ತದೆ.

ಮೈಸೂರು ನಿಲ್ದಾಣ ಈ ವಿಷಯದಲ್ಲಿ ದೇಶಕ್ಕೆ ಮಾದರಿಯಾಗಿತ್ತೆಂಬುದು ಕನ್ನಡಿಗರು ಹೆಮ್ಮೆಪಡಬಹುದಾದ ಸಂಗತಿ. 2010ರ ದಶಕದಲ್ಲಿ ಅನುಪ್ರಯಾಸ್ ಎಂಬ ಸ್ವಯಂಸೇವಾ ಸಂಸ್ಥೆ ರೈಲ್ವೆಯೊಡನೆ ಸೇರಿ ಇಲ್ಲಿ ಬ್ರೈಲ್ ಫಲಕಗಳನ್ನು, ಮೇಲ್ಸೇತುವೆಯ ಹಿಡಿಕಂಬಿಗಳ ಮೇಲೆ ಪ್ಲಾಟ್‌ಫಾರ್ಮಿನ ಸಂಖ್ಯೆ ತಿಳಿಸುವ ಉಬ್ಬು ಲೋಹಪಟ್ಟಿಗಳನ್ನು ಹಾಕಿಸಿತು. ಅಂಧರಿಗಾಗಿ ಹೀಗೆ ಸಜ್ಜುಗೊಂಡ ಮೊದಮೊದಲ ನಿಲ್ದಾಣಗಳಲ್ಲಿ ಮೈಸೂರೂ ಒಂದು. ಹಿಡಿಕಂಬಿ ಹಿಡಿದು ಮೆಟ್ಟಿಲಿಳಿಯುವವರು ಅಲ್ಲಿಯೇ ಬೆರಳಾಡಿಸಿ ತಾವು ಯಾವ ಪ್ಲಾಟ್‌ಫಾರ್ಮಿಗೆ ಇಳಿಯುತ್ತಿದ್ದೇವೆಂದು ತಿಳಿಯಬಹುದು, ಯಾರನ್ನೂ ಕೇಳಬೇಕಿಲ್ಲ. ಭಾರತೀಯ ಭಾಷೆಗಳಿಗೆ ಒಂದೇ ಸಂಕೇತವಿಧಾನದ ಭಾರತಿ ಬ್ರೈಲ್ 1951ರಿಂದ ಬಳಕೆಯಲ್ಲಿರುವುದರಿಂದ ಮಲಯಾಳಂ, ಕನ್ನಡ ಎರಡರಲ್ಲಿ ಒಂದರ ಬ್ರೈಲ್ ಬಲ್ಲ ಗಡಿನಾಡಿನ ಓದುಗರಿಗೆ ಅಕ್ಷರ ಗುರುತಿಸುವ ತೊಡಕಿಲ್ಲ. ಆದರೆ ಧ್ವನಿ ಪ್ರಕಟಣೆಗಳು ಕೋಳಿಕ್ಕೋಡಿನಲ್ಲಿ ಮಲಯಾಳಂ, ಹಿಂದಿ, ಇಂಗ್ಲಿಷಿನಲ್ಲಿ, ಮೈಸೂರಿನಲ್ಲಿ ಕನ್ನಡ, ಹಿಂದಿ, ಇಂಗ್ಲಿಷಿನಲ್ಲಿ. ಗುಂಡ್ಲುಪೇಟೆಯ ಕಡೆಯ ಅಂಧ ಪ್ರಯಾಣಿಕ ಕೋಳಿಕ್ಕೋಡಿನಲ್ಲಿ, ಬತ್ತೇರಿಯವನು ಮೈಸೂರಿನಲ್ಲಿ ಪ್ಲಾಟ್‌ಫಾರ್ಮ್ ಬದಲಾದ ಸುದ್ದಿಯನ್ನು ಪಕ್ಕದವರಿಂದ ತಿಳಿಯಬೇಕಾಗುತ್ತದೆ.

ಕಿವಿ ಕೇಳದವರಿಗೆ ಧ್ವನಿವರ್ಧಕದ ಪ್ರಕಟಣೆ ಉಪಯೋಗಕ್ಕೆ ಬಾರದು. ಕಡೆಗಳಿಗೆಯಲ್ಲಿ ಬದಲಾದ ಮಾಹಿತಿ ಫಲಕದಲ್ಲೂ ಅದೇ ಕ್ಷಣ ಬರಬೇಕು. ರೈಲ್ವೆಯ ಸಹಾಯವಾಣಿ 139 ಸಂಖ್ಯೆಗೆ ಅವರು ಕರೆ ಮಾಡಲಾರರು, ಬರವಣಿಗೆಯಲ್ಲಿ ದೂರು ಕೊಡಬಹುದಾದ ರೈಲ್ ಮದದ್ ಆ್ಯಪ್ ಅವರಿಗೆ ನೆರವು. 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವುದರಿಂದ ಕಿವಿ, ಮಾತಿನ ತೊಂದರೆಯ ಮಕ್ಕಳನ್ನು ಕರೆತರುವ ತಂದೆತಾಯಿಯರು ನೆರೆರಾಜ್ಯಗಳಿಂದಲೂ ಈ ನಿಲ್ದಾಣಕ್ಕೆ ಬರುತ್ತಾರೆ.

ರಿಯಾಯಿತಿ

ಕಾಯಿದೆ 21 ಬಗೆಯ ಅಂಗವೈಕಲ್ಯಗಳನ್ನು ಒಪ್ಪಿದ್ದರೂ ರೈಲ್ವೆ ಪ್ರಯಾಣ ದರದಲ್ಲಿ ಒಪ್ಪಿರುವುದು ನಾಲ್ಕೇ ವರ್ಗ: ಸಹಾಯಕರಿಲ್ಲದೆ ಪ್ರಯಾಣಿಸಲಾಗದ ಚಲನ ವೈಕಲ್ಯದವರು, ಸಹಾಯಕರೊಡನೆ ಪ್ರಯಾಣಿಸಬೇಕಾದ ಬೌದ್ಧಿಕ ವೈಕಲ್ಯದವರು, ಪೂರ್ಣ ಅಂಧರು, ಮಾತು ಮತ್ತು ಶ್ರವಣ ಎರಡೂ ಪೂರ್ಣವಾಗಿ ಇಲ್ಲದವರು. ಮೊದಲ ಮೂರು ವರ್ಗಗಳಿಗೆ ಎರಡನೇ ದರ್ಜೆ, ಸ್ಲೀಪರ್, 3ಎಸಿಯಲ್ಲಿ 75%, ಮೇಲಿನ ಎಸಿ ದರ್ಜೆಗಳಲ್ಲಿ 50%, ಜೊತೆಯ ಒಬ್ಬ ಸಹಾಯಕರಿಗೂ ಅಷ್ಟೇ. ನಾಲ್ಕನೆಯ ವರ್ಗಕ್ಕೆ ಎರಡನೇ ದರ್ಜೆ ಮತ್ತು ಸ್ಲೀಪರಿನಲ್ಲಿ 50%. 2020ರ ಮಾರ್ಚಿನಲ್ಲಿ ಹಿರಿಯ ನಾಗರಿಕರ ರಿಯಾಯಿತಿ ನಿಂತರೂ ಇವು ಮುಂದುವರಿದವು. ಒಂದು ಕಾಲು ಕಳೆದುಕೊಂಡು ಕೃತಕ ಕಾಲಿನಿಂದ ತಾನೇ ಓಡಾಡುವವನಿಗೆ, ಮಂದದೃಷ್ಟಿಯವರಿಗೆ, ಕಿವಿ ಕೇಳದಿದ್ದರೂ ಮಾತು ಬರುವವರಿಗೆ ಈ ಪಟ್ಟಿಯಲ್ಲಿ ಸ್ಥಾನವಿಲ್ಲ. ಸ್ವಾವಲಂಬನೆ ಕಲಿತವನು ರಿಯಾಯಿತಿ ಕಳೆದುಕೊಳ್ಳುತ್ತಾನೆ. ಇದು ಬದಲಾಗಲೇಬೇಕಾದ ನಿಯಮ.

ವಯನಾಡಿಗೆ ಇನ್ನೊಂದು ವಿಶೇಷವಿದೆ. 2011ರ ಜನಗಣತಿಯಂತೆ ಜಿಲ್ಲೆಯ ಶೇ. 18ಕ್ಕೂ ಹೆಚ್ಚು ಜನ ಪರಿಶಿಷ್ಟ ಪಂಗಡಗಳವರು. ಇಲ್ಲಿಯ ಹಲವು ಬುಡಕಟ್ಟುಗಳಲ್ಲಿಯೂ ವಯನಾಡನ್ ಚೆಟ್ಟಿ ಸಮುದಾಯದಲ್ಲಿಯೂ ಸಿಕಲ್ ಸೆಲ್ ರಕ್ತಹೀನತೆ ಇದೆ. 2016ರ ಕಾಯಿದೆ ಇದನ್ನು ಅಂಗವೈಕಲ್ಯವೆಂದು ಗುರುತಿಸಿದೆ. ರೈಲ್ವೆ ಮಾತ್ರ ಇದನ್ನು ರೋಗಿಗಳ ಪಟ್ಟಿಯಲ್ಲಿ ಇಟ್ಟು, ಚಿಕಿತ್ಸೆ ಅಥವಾ ತಪಾಸಣೆಗೆ ಹೋಗುವಾಗ ಸ್ಲೀಪರ್ ಮತ್ತು ಕೆಲವು ಎಸಿ ದರ್ಜೆಗಳಲ್ಲಿ 50% ಕೊಡುತ್ತದೆ. ನೋವು ಕೆರಳಿದಾಗ ನಿಲ್ಲಲೂ ಆಗದ ಈ ರೋಗಿಗಳು ಹೊರನೋಟಕ್ಕೆ ಆರೋಗ್ಯವಂತರಂತೆ ಕಾಣುತ್ತಾರೆ. ಅಂಗವಿಕಲರ ಡಬ್ಬಿಯಲ್ಲಿ ಕೂತರೆ ಎಬ್ಬಿಸುವವರು ಇರುತ್ತಾರೆ. ಅಂಗವಿಕಲರು ರಿಯಾಯಿತಿಯ ಟಿಕೆಟ್ಟನ್ನು ಆನ್‌ಲೈನಿನಲ್ಲಿ ಪಡೆಯಲು ರೈಲ್ವೆಯದೇ ಆದ ಫೋಟೋ ಗುರುತಿನ ಚೀಟಿ ಬೇಕು. ಅದನ್ನು ಕೊಡುವುದು ವಿಭಾಗೀಯ ಕಚೇರಿ. ವಯನಾಡಿನ ಹಾಡಿಗಳವರಿಗೆ ಪಾಲಕ್ಕಾಡ್ ಬಹುದೂರ. ಈಗ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು, ಆದರೆ ವೈದ್ಯರ ಪ್ರಮಾಣಪತ್ರಕ್ಕೆ ಅಲೆಯುವುದು ತಪ್ಪಿಲ್ಲ.

ಬರಬಹುದಾದ ಹಳಿ

ನಂಜನಗೂಡಿನಿಂದ ಬತ್ತೇರಿಯ ಮೂಲಕ ನಿಲಂಬೂರಿಗೆ ರೈಲು ತರಬೇಕೆಂಬ ಯೋಜನೆ ಹಳೆಯದು. ಹಲವು ಸಮೀಕ್ಷೆಗಳಾಗಿವೆ. ಇ. ಶ್ರೀಧರನ್ ಅವರ ಮಾರ್ಗದರ್ಶನದ ದೆಹಲಿ ಮೆಟ್ರೋ ನಿಗಮಕ್ಕೂ ಕೇರಳ ಸರ್ಕಾರ ಒಮ್ಮೆ ಈ ಕೆಲಸ ವಹಿಸಿತ್ತು. ಬಂಡೀಪುರದ ಕಾಡು, ಕರ್ನಾಟಕದ ಆಕ್ಷೇಪ, ಸುರಂಗಗಳ ಖರ್ಚು ಇವುಗಳ ನಡುವೆ ಅದು ಮುಂದೆ ಹೋಗುತ್ತ ನಿಲ್ಲುತ್ತ ಬಂದಿದೆ. ಕಾಡಿನ ಪ್ರಶ್ನೆ ಇತ್ಯರ್ಥವಾಗದೆ ಹಳಿ ಬೀಳದು, ಬೀಳಲೂಬಾರದು.

ಆದರೂ ಒಂದು ಸಂಗತಿಯನ್ನು ಈಗಲೇ ಗಮನಿಸಬೇಕು. ಪ್ರವೇಶ ಸೌಲಭ್ಯದ ಮುಖ್ಯ ತೀರ್ಮಾನಗಳು ನಿಲ್ದಾಣ ಕಟ್ಟುವಾಗ ಆಗುವುದಿಲ್ಲ, ಹಳಿಯ ಗೆರೆ ಎಳೆಯುವಾಗಲೇ ಆಗಿಬಿಡುತ್ತವೆ. ಗುಡ್ಡಗಾಡಿನಲ್ಲಿ ನಿಲ್ದಾಣ ತಿರುವಿನ ಮೇಲೆ ಬಂದರೆ ಪ್ಲಾಟ್‌ಫಾರ್ಮಿಗೂ ಡಬ್ಬಿಯ ಬಾಗಿಲಿಗೂ ನಡುವಿನ ಸಂದು ಅಗಲವಾಗುತ್ತದೆ, ಅದನ್ನು ಆಮೇಲೆ ಯಾರೂ ಸರಿಪಡಿಸಲಾರರು. ನಿಲ್ದಾಣದ ಅಂಗಳದ ಇಳಿಜಾರು 1:400 ಮೀರಬಾರದೆಂಬ ರೈಲ್ವೆಯ ನಿಯಮ ಬಂಡಿಗಳು ಉರುಳದಿರಲೆಂದು ಇದ್ದರೂ, ಗಾಲಿಕುರ್ಚಿಗೂ ಅದು ಕಾವಲು. ಪಟ್ಟಣದಿಂದ ದೂರದಲ್ಲಿ, ಕಡಿದಾದ ಗುಡ್ಡದ ಬುಡದಲ್ಲಿ ಜಾಗ ಅಗ್ಗವೆಂದು ನಿಲ್ದಾಣ ಕಟ್ಟಿದರೆ ರಸ್ತೆಯ ಕಷ್ಟ ಹಾಗೆಯೇ ಉಳಿಯುತ್ತದೆ. ಕಟ್ಟಡದ ನಕ್ಷೆ ಮಾನದಂಡಗಳಿಗೆ ಒಪ್ಪದಿದ್ದರೆ ಅನುಮತಿಯನ್ನೇ ಕೊಡಬಾರದು ಎನ್ನುತ್ತದೆ 2016ರ ಕಾಯಿದೆಯ 44ನೇ ಸೆಕ್ಷನ್. ಬತ್ತೇರಿಯ ನೆಲದಲ್ಲಿ ಮುಂದಿನ ಸಮೀಕ್ಷೆಯ ಗೂಟ ನೆಡುವ ದಿನ ಅಳತೆಗಾರರ ಜೊತೆ ಗಾಲಿಕುರ್ಚಿಯವರೂ ಬಿಳಿಕೋಲಿನವರೂ ಸ್ಥಳದಲ್ಲಿರಬೇಕು, ಅವರ ಮಾತು ಸಮೀಕ್ಷೆಯ ವರದಿಯಲ್ಲಿ ದಾಖಲಾಗಬೇಕು.